ಅಡುಗೆನೇ ಗೊತ್ತಿಲ್ಲದ ಅಪ್ಪನಿಗೆ ಯಾವ ಅಡುಗೆ ಪುಸ್ತಕ ಕೊಡಿಸ್ಲಿ?

ಹೇಮಾವತಿ ದಡ:

ಎಲ್ಲರಿಗೂ ನಮಸ್ಕಾರ, ಒಂದು ಸಲಹೆ ಬೇಕಿತ್ತು, ಸ್ವಲ್ಪ ಉದ್ದ ಆಗತ್ತೆ, ಓದಿ ಪ್ಲೀಸ್. ನಮ್ಮಕ್ಕ ಅಮೆರಿಕದಲ್ಲಿದಾಳೆ, ಅವಳ ಬಾಣಂತನಕ್ಕೆ ಅಂತ ಅಮ್ಮ ಮುಂದಿನ ತಿಂಗಳು ಹೊರಡ್ತಿದಾರೆ, ವಾಪಸ್ ಬರೋದು ಆರು ತಿಂಗಳಾದ್ಮೇಲೆ. ಹಾಸನದ ಮನೇಲಿ ಅಪ್ಪ ಒಬ್ರೇ. ನಾನು ಬೆಂಗಳೂರಲ್ಲಿ ಕೆಲಸ ಮಾಡೋದು, ಶನಿವಾರ ಭಾನುವಾರ ಹೋಗಿ ಬರಬಹುದು ಅಷ್ಟೇ. ಅಪ್ಪ ಹೈಸ್ಕೂಲಲ್ಲಿ ಕನ್ನಡ ಮೇಷ್ಟ್ರಾಗಿದ್ರು, ಈಗ ರಿಟೈರ್ಡ್. ಅಡುಗೆಮನೆಗೆ ನೀರು ಕುಡಿಯೋಕೆ ಬಿಟ್ರೆ ಬೇರೆ ಯಾವುದಕ್ಕೂ ಹೋದವರಲ್ಲ, ಕುಕ್ಕರ್ ವೆಯ್ಟ್ ಎಲ್ಲಿ ಹಾಕೋದು ಅಂತ ಕೂಡ ಗೊತ್ತಿಲ್ಲ. ಮೆಸ್ಸಿಂದ ಕ್ಯಾರಿಯರ್ ತರಿಸೋಣ ಅಂದ್ರೆ ಬಿಪಿ ಇದೆ, ಹೊರಗಿನ ಉಪ್ಪು ಎಣ್ಣೆ ಆಗಲ್ಲ. ಅಡುಗೆಯವರನ್ನ ಇಡೋಣ ಅಂದ್ರೆ ಅಪ್ಪನೇ ಬೇಡ ಅಂದ್ರು, "ಒಂದು ಒಳ್ಳೆ ಪುಸ್ತಕ ತಂದ್ಕೊಡಮ್ಮ, ಓದ್ಕೊಂಡು ಮಾಡ್ತೀನಿ" ಅಂದ್ರು. ನಂಗೆ ತುಂಬಾ ಖುಷಿಯಾಯ್ತು, ಹಾಗಾಗಿ ಸರಿಯಾದ್ದೇ ಕೊಡಿಸಬೇಕು ಅಂತ ಆಸೆ.

ಅಂಗಡೀಲಿ ನೋಡಿದೆ, ಅಡುಗೆ ಪುಸ್ತಕ ರಾಶಿ ರಾಶಿ ಇದೆ. ಒಂದರಲ್ಲಿ ಐನೂರು ಬಗೆ, ಇನ್ನೊಂದರಲ್ಲಿ ಸಾವಿರ ಬಗೆ, ಗೋಬಿ ಮಂಚೂರಿ ಇದೆ, ಎಗ್‌ಲೆಸ್ ಕೇಕ್ ಇದೆ, ಅನ್ನ ಮಾಡೋದು ಹೇಗೆ ಅನ್ನೋದೇ ಇಲ್ಲ. ಕನ್ನಡದಲ್ಲೇ ಇರಬೇಕು. ಮನೇಲಿ ಮಾಡೋದು ಮುದ್ದೆ, ಬಸ್ಸಾರು, ಸೊಪ್ಪಿನ ಹುಳಿ, ತಿಳಿಸಾರು, ಪಲ್ಯ, ಬೆಳಿಗ್ಗೆಗೆ ಉಪ್ಪಿಟ್ಟು ಅವಲಕ್ಕಿ ಚಿತ್ರಾನ್ನ, ಅಷ್ಟು ಬಂದ್ರೆ ಸಾಕು. ಯಾವ ಪುಸ್ತಕ ತಗೊಳ್ಳಿ, ಏನು ನೋಡಿ ತಗೊಳ್ಳಿ?

ಗಾಂಧಿಬಜಾರ್ ಗಿರಾಕಿ:

ತಂಗಿ, ಪುಸ್ತಕದ ಹೆಸರಿಗಿಂತ ಮುಂಚೆ ಅದನ್ನ ಹೇಗೆ ಪರೀಕ್ಷೆ ಮಾಡೋದು ಅಂತ ಹೇಳ್ತೀನಿ, ಆಮೇಲೆ ನೀನೇ ಆರಿಸ್ಕೋತೀಯ. ಅಂಗಡೀಲಿ ಪುಸ್ತಕ ಕೈಗೆ ತಗೊಂಡು ಸೀದಾ ಉಪ್ಪಿಟ್ಟಿನ ಪುಟಕ್ಕೆ ಹೋಗು, ಹೋಳಿಗೆ ಮೈಸೂರುಪಾಕ್ ಎಲ್ಲ ನೋಡ್ಬೇಡ. ಸಾಮಗ್ರಿಲಿ ಬರೀ "ರವೆ" ಅಂತ ಇದ್ರೆ ಆ ಪುಸ್ತಕ ಅಲ್ಲೇ ಇಟ್ಬಿಡು. ಅಪ್ಪ ಅಂಗಡಿಗೆ ಹೋಗಿ ರವೆ ಕೊಡಪ್ಪ ಅಂದ್ರೆ ಅವನು ಯಾವ್ದು ಸಾರ್ ಅಂತಾನೆ, ಚಿರೋಟಿ ರವೆ ಇದೆ, ಬನ್ಸಿ ರವೆ ಇದೆ, ಮೀಡಿಯಂ ರವೆ ಇದೆ, ಇಡ್ಲಿ ರವೆ ಅಂತ ಬೇರೆ ಇದೆ ಅದು ಅಕ್ಕಿದು. ಚಿರೋಟಿ ರವೇಲಿ ಉಪ್ಪಿಟ್ಟು ಮಾಡಿದ್ರೆ ಅಂಟು ಅಂಟಾಗತ್ತೆ, ಆಗ ಅಪ್ಪ ಕೈಲಾಗಲ್ಲ ಅನ್ಕೊಂಡು ಬಿಟ್ಬಿಡ್ತಾರೆ, ತಪ್ಪು ಅವರದಲ್ಲ ಪುಸ್ತಕದ್ದು.

ಆಮೇಲೆ ನೀರು ಎಷ್ಟು ಅಂತ ಇದ್ಯಾ ನೋಡು. ಒಂದು ಲೋಟ ಮೀಡಿಯಂ ರವೆಗೆ ಎರಡೂವರೆ ಲೋಟ, ಮೆತ್ತಗೆ ಬೇಕಂದ್ರೆ ಮೂರು. ರವೆ ಎಷ್ಟು ಹುರೀಬೇಕು, ಉರಿ ಎಷ್ಟಿರಬೇಕು, ಬಣ್ಣ ಬದಲಾಗೋ ಮುಂಚೆ ಘಂ ಅನ್ನೋ ವಾಸನೆ ಬಂದಾಗ ಇಳಿಸ್ಬೇಕು ಅಂತ ಇದ್ಯಾ, ನೀರು ಮರಳುವಾಗ ಉರಿ ಸಣ್ಣ ಮಾಡಿ ಒಂದು ಕೈಲಿ ರವೆ ಉದುರಿಸ್ತಾ ಇನ್ನೊಂದು ಕೈಲಿ ತಿರುವ್ತಾ ಇರಬೇಕು ಇಲ್ಲಾಂದ್ರೆ ಗಂಟು ಕಟ್ಟತ್ತೆ ಅಂತ ಹೇಳಿದಾರಾ. ಇಷ್ಟು ಬರೆದವರು ಉಳಿದದ್ದನ್ನೂ ಹಾಗೇ ಬರೆದಿರ್ತಾರೆ.

ನಮ್ಮ ಬಹಳಷ್ಟು ಅಡುಗೆ ಪುಸ್ತಕ ಚಿಕ್ಕಂದಿನಿಂದ ಅಡುಗೆಮನೇಲಿ ಓಡಾಡಿ ಬೆಳೆದ ಹೆಣ್ಣುಮಕ್ಕಳಿಗೆ ಬರೆದದ್ದು. ಅವರಿಗೆ ಹದ ಗೊತ್ತು, ಪ್ರಮಾಣ ಮರೆತಿರತ್ತೆ ಅಷ್ಟೇ. ಅದಕ್ಕೇ "ಒಗ್ಗರಣೆ ಕೊಡಿ" ಅಂತ ಎರಡು ಪದ ಬರೆದು ಮುಂದಕ್ಕೆ ಹೋಗ್ತಾರೆ. ಅಪ್ಪನಿಗೆ ಆ ಎರಡು ಪದ ಸಾಲಲ್ಲ. ಎಣ್ಣೆ ಕಾಯಬೇಕು, ಎರಡು ಕಾಳು ಸಾಸಿವೆ ಹಾಕಿ ನೋಡ್ಬೇಕು, ಅದು ಸಿಡಿದ್ರೆ ಎಣ್ಣೆ ಕಾದಿದೆ ಅಂತ, ಆಗ ಮಿಕ್ಕ ಸಾಸಿವೆ, ಅದರ ಚಟಪಟ ನಿಲ್ತಾ ಬಂದಾಗ ಉದ್ದಿನಬೇಳೆ ಕಡ್ಲೆಬೇಳೆ, ಅವು ಕೆಂಪಗಾದಾಗ ಉರಿ ತಗ್ಗಿಸಿ ಒಣಮೆಣಸಿನಕಾಯಿ ಇಂಗು, ಕೊನೇಲಿ ಕರಿಬೇವು. ಕರಿಬೇವಲ್ಲಿ ತೊಳೆದ ನೀರು ಉಳಿದಿದ್ರೆ ಎಣ್ಣೆ ಮುಖಕ್ಕೇ ಹಾರತ್ತೆ, ಅದನ್ನ ಒರೆಸಿ ಹಾಕಿ ಅಂತ ಹೇಳೋ ಪುಸ್ತಕ ಸಿಕ್ಕಿದ್ರೆ ಕಣ್ಣು ಮುಚ್ಕೊಂಡು ತಗೋ.

ಇನ್ನೊಂದು, ಅವೆನ್ಯೂ ರೋಡಲ್ಲಿ ಹಳೇ ಪುಸ್ತಕ ಚೆನ್ನಾಗಿರೋವು ಸಿಗತ್ತೆ, ನಂಗೆ ತುಂಬಾ ಇಷ್ಟ ಅವು, ಆದ್ರೆ ಅಪ್ಪನಿಗೆ ಮೊದಲನೇ ಪುಸ್ತಕವಾಗಿ ಬೇಡ. ಅದರಲ್ಲಿ ಸೇರು, ಅಚ್ಚೇರು, ಪಾವು, ಚಟಾಕು, ತೊಲ ಅಂತ ಲೆಕ್ಕ. ಪಾವು ಅಂದ್ರೆ ಸೇರಿನ ಕಾಲು ಭಾಗ, ಚಟಾಕು ಹದಿನಾರನೇ ಒಂದು ಭಾಗ, ಸರಿ, ಆದ್ರೆ ಸೇರೇ ಊರಿಂದ ಊರಿಗೆ ಬೇರೆ ಇತ್ತು. ತೂಕ ಅಳತೆ ಮೆಟ್ರಿಕ್‌ಗೆ ತರೋ ಕಾನೂನು ಬಂದದ್ದು 1956ರಲ್ಲಿ, ಆಮೇಲೂ ಎಷ್ಟೋ ವರ್ಷ ಪುಸ್ತಕಗಳು ಹಳೇ ಲೆಕ್ಕದಲ್ಲೇ ಬಂದ್ವು.

ನಮ್ಮೂರ ಹುಡುಗ:

ಪುಸ್ತಕ ಯಾಕೆ ಅಕ್ಕ, ಯೂಟ್ಯೂಬಲ್ಲಿ ಕನ್ನಡದ್ದೇ ಎಷ್ಟೊಂದು ಚಾನೆಲ್ ಇದೆ, ನಾನು ಪಿಜಿ ಬಿಟ್ಟು ರೂಮ್ ಮಾಡಿದಾಗ ಹಾಗೇ ಕಲಿತದ್ದು. ಕಣ್ಣಿಗೆ ಕಾಣತ್ತೆ, ಈರುಳ್ಳಿ ಎಷ್ಟು ಕೆಂಪಗಾಗ್ಬೇಕು ಅಂತ ಎಷ್ಟು ಪುಟ ಬರೆದ್ರೂ ಒಂದು ಸಲ ನೋಡಿದಷ್ಟು ತಿಳಿಯಲ್ಲ.

ಹೇಮಾವತಿ ದಡ:

ನಿಜ ತಮ್ಮಾ, ಆದ್ರೆ ಅಪ್ಪ ವಿಡಿಯೋ ನೋಡ್ತಾ ಮಾಡೋರಲ್ಲ, ಹಿಟ್ಟು ಮೆತ್ತಿದ ಕೈಲಿ ಫೋನ್ ಮುಟ್ಟಿ ನಿಲ್ಲಿಸಿ ಹಿಂದಕ್ಕೆ ತಿರುಗಿಸಿ ಅಷ್ಟೆಲ್ಲ ಅವರಿಗೆ ಕಿರಿಕಿರಿ. ರಾತ್ರಿ ಮಲಗೋ ಮುಂಚೆ ನಾಳೆ ಏನು ಮಾಡೋದು ಅಂತ ನಿಧಾನಕ್ಕೆ ಎರಡು ಸಲ ಓದ್ಕೊಂಡ್ರೆ ಅವರಿಗೆ ಧೈರ್ಯ. ಈರುಳ್ಳಿ ಬಣ್ಣ, ಒಗ್ಗರಣೆ ಇಂಥದ್ದನ್ನ ನಾನು ಹೋದಾಗ ಕೂತು ವಿಡಿಯೋ ತೋರಿಸ್ತೀನಿ, ಅದು ಒಳ್ಳೆ ಐಡಿಯಾ.

ಕುಡ್ಲದ ಮಗಳು:

ನಮ್ಮ ಕಡೆ ಪುಸ್ತಕ ತಗೊಳ್ಳುವಾಗ ಸ್ವಲ್ಪ ನೋಡಿ ತಗೊಳ್ಳಿ ಆಯ್ತಾ. ಉಡುಪಿ ಮಂಗಳೂರು ಅಡುಗೆ ಪುಸ್ತಕ ತುಂಬಾ ಚಂದ ಚಂದದ್ದು ಉಂಟು, ಎಲ್ಲರಿಗೂ ಇಷ್ಟ ಆಗ್ತದೆ, ಆದ್ರೆ ಹಾಸನದ ನಾಲಿಗೆಗೆ ದಿನಾ ತೆಂಗಿನಕಾಯಿ ಅರೆದು ಬೆಲ್ಲ ಹಾಕಿದ ಕೊದ್ದೆಲ್, ಅಂದ್ರೆ ನಮ್ಮ ಕಡೆಯ ಹುಳಿ, ಆಗ್ತದಾ? ಹೊಸದಾಗಿ ಕಲಿಯುವವರಿಗೆ ಒಂದು ರುಚಿ ನೆನಪಲ್ಲಿ ಇರ್ತದೆ, ನಾನು ಮಾಡಿದ್ದು ಸರಿ ಆಯ್ತಾ ಇಲ್ವಾ ಅಂತ ಆ ನೆನಪಿಂದ್ಲೇ ಗೊತ್ತಾಗೋದು. ಯಾವತ್ತೂ ತಿನ್ನದ ಅಡುಗೆ ಮಾಡಿದ್ರೆ ಅದು ಸರಿ ಬಂತಾ ಅಂತ ಹೇಗೆ ಗೊತ್ತಾಗ್ಬೇಕು ಮಾರಾಯ್ರೆ. ಹಾಗಾಗಿ ಊರಿನ ಅಡುಗೆಯ ಪುಸ್ತಕವೇ ಮೊದಲು, ನಮ್ಮದು ಎರಡನೇದಕ್ಕೆ.

ಮೆಣಸಿನ ವಿಷಯ ಒಂದು ಹೇಳ್ಲೇಬೇಕು. ನಮ್ಮ ಪುಸ್ತಕದಲ್ಲಿ ಹತ್ತು ಹದಿನೈದು ಒಣಮೆಣಸು ಅಂತ ಬರೆದಿರ್ತಾರೆ, ಅದು ಬ್ಯಾಡಗಿ ಮೆಣಸು ಅಂತ ಇಟ್ಕೊಂಡು ಬರೆದದ್ದು. ಬ್ಯಾಡಗಿಗೆ ಬಣ್ಣ ಜಾಸ್ತಿ ಖಾರ ಕಡಿಮೆ. ಅದೇ ಲೆಕ್ಕದಲ್ಲಿ ಗುಂಟೂರು ಹಾಕಿದ್ರೆ ಬಾಯಿಗೆ ಇಡ್ಲಿಕ್ಕೆ ಆಗುದಿಲ್ಲ. ಯಾವ ಮೆಣಸು ಅಂತ ಬರೆದಿದಾರಾ ನೋಡಿ. ಬೆಳ್ತಿಗೆ ಅಂದ್ರೆ ಮಾಮೂಲಿ ಬಿಳಿ ಅಕ್ಕಿಯಾ, ಭತ್ತ ಬೇಯಿಸಿ ಒಣಗಿಸಿ ಮಾಡಿದ ಕುಚ್ಚಲಕ್ಕಿಯಾ ಅಂತಲೂ ನೋಡಿ, ಕುಚ್ಚಲಕ್ಕಿಗೆ ನೀರೂ ಜಾಸ್ತಿ ಬೇಕು ಹೊತ್ತೂ ಜಾಸ್ತಿ ಬೇಕು.

ಮೆಲ್ಬರ್ನ್ ಮನೆ:

ಕಪ್ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳ್ತೀನಿ. ಪುಸ್ತಕದಲ್ಲಿ "1 ಕಪ್" ಅಂತ ಇದ್ರೆ ಎಷ್ಟು ಎಂಎಲ್ ಅಂತ ಮೊದಲ ಪುಟಗಳಲ್ಲಿ ಎಲ್ಲಾದ್ರೂ ಬರೆದಿರಬೇಕು, ಬರೆದಿಲ್ಲ ಅಂದ್ರೆ ಆ ಪುಸ್ತಕ ಕಲಿಯೋರಿಗಲ್ಲ. ಅಮೆರಿಕದ ಕಪ್ಪು ಸುಮಾರು 240 ಎಂಎಲ್, ಇಲ್ಲಿ ಆಸ್ಟ್ರೇಲಿಯಾದಲ್ಲಿ 250, ಎಲೆಕ್ಟ್ರಿಕ್ ರೈಸ್ ಕುಕ್ಕರ್ ಜೊತೆ ಬರತ್ತಲ್ಲ ಆ ಪ್ಲಾಸ್ಟಿಕ್ ಕಪ್ಪು 180. ಟೇಬಲ್ ಸ್ಪೂನ್ ಬೇರೆ ಕಡೆ 15, ಇಲ್ಲಿ 20. ಟೀ ಸ್ಪೂನ್ ಮಾತ್ರ ಎಲ್ಲಾ ಕಡೆ 5. ಇವನ್ನ ಕಲೆಸಿಬಿಟ್ರೆ ಅನ್ನ ಒಂದಿನ ಗಂಜಿ, ಒಂದಿನ ಅಕ್ಕಿ.

ಪುಸ್ತಕದ ಜೊತೆಗೆ ಒಂದು ಸ್ಟೀಲಿನ ಮೆಷರಿಂಗ್ ಕಪ್ ಸೆಟ್ಟೂ ಸ್ಪೂನ್ ಸೆಟ್ಟೂ ಕೊಡಿಸಿ, ಅಮ್ಮನ ಅಕ್ಕಿ ಅಳೆಯೋ ಪಾವು ಇರತ್ತಲ್ಲ ಅದಕ್ಕೆ ನೀರು ತುಂಬಿ ಎಷ್ಟು ಕಪ್ ಹಿಡಿಯತ್ತೆ ಅಂತ ನೋಡಿ ಪುಸ್ತಕದ ಮೊದಲ ಪುಟದಲ್ಲೇ ಬರೆದಿಡಿ. ಸೋನಾ ಮಸೂರಿ ಆದ್ರೆ ಕುಕ್ಕರಲ್ಲಿ ಒಂದಕ್ಕೆ ಎರಡರಿಂದ ಎರಡೂವರೆ ನೀರು, ಹಳೇ ಅಕ್ಕಿ ಸ್ವಲ್ಪ ಜಾಸ್ತಿ ಕುಡಿಯತ್ತೆ. ತೊಗರಿಬೇಳೆಗೆ ಒಂದಕ್ಕೆ ಮೂರು, ಚಿಟಿಕೆ ಅರಿಶಿನ, ನಾಲ್ಕು ತೊಟ್ಟು ಎಣ್ಣೆ, ನೊರೆ ಉಕ್ಕಲ್ಲ.

ಇನ್ನೊಂದು ನೋಡ್ಬೇಕಾದ್ದು ಎಷ್ಟು ಜನಕ್ಕೆ ಅಂತ. ನಾಲ್ಕೈದು ಜನದ ಲೆಕ್ಕದಲ್ಲೇ ಎಲ್ಲಾ ಬರೆದಿರ್ತಾರೆ, ಅಪ್ಪ ಒಬ್ರೇ. ಅಕ್ಕಿ ಬೇಳೆ ಕಾಲು ಮಾಡಬಹುದು, ಆದ್ರೆ ನೀರು ಒಗ್ಗರಣೆ ಎಣ್ಣೆ ಬೇಯೋ ಹೊತ್ತು ಇವೆಲ್ಲ ಅದೇ ಲೆಕ್ಕದಲ್ಲಿ ಕಮ್ಮಿ ಆಗಲ್ಲ. ಇಬ್ಬರಿಗೆ ಅಂತ ಬರೆದ ಪುಸ್ತಕ ಸಿಕ್ಕಿದ್ರೆ ಬಹಳ ಒಳ್ಳೇದು, ಮಧ್ಯಾಹ್ನ ಮಾಡಿದ್ದು ರಾತ್ರಿಗೂ ಆಗತ್ತೆ. ಉಳಿದ ಅನ್ನ ಮಾತ್ರ ಹೊರಗೆ ಬಿಡೋದು ಬೇಡ, ಆರಿದ ತಕ್ಷಣ ಫ್ರಿಜ್ಜಿಗೆ.

ಮಂಡ್ಯದ ಸೊಸೆ:

ಎಲ್ಲಾ ಸರಿ ಹೇಳವ್ರೆ, ಆದ್ರೆ ಮುದ್ದೆ ಪುಸ್ತಕದಿಂದ ಬರಕ್ಕಿಲ್ಲ ಕಣಮ್ಮ, ಅದನ್ನ ನಿಮ್ಮಮ್ಮ ಇರೋವಾಗ್ಲೇ ಅಪ್ಪನ ಕೈಗೆ ಹಿಟ್ಟಿನ ಕೋಲು ಕೊಟ್ಟು ಕಲಿಸ್ಬೇಕು. ಎಸರು ಮರಳೋದು ನೋಡೋದು, ಹಿಟ್ಟು ಸುರಿದು ಬೇಯೋಕೆ ಬಿಡೋದು, ಗಂಟಿಲ್ದಂಗೆ ತಿರುವೋದು, ಕೈ ಒದ್ದೆ ಮಾಡ್ಕೊಂಡು ಉಂಡೆ ಕಟ್ಟೋದು, ಇದೆಲ್ಲ ಕೈಗೆ ಗೊತ್ತಾಗ್ಬೇಕು, ಕಣ್ಣಿಗಲ್ಲ. ಗಂಡಸರಿಗೆ ತೋಳಲ್ಲಿ ಬಲ ಇರತ್ತೆ, ಮುದ್ದೆ ಬೇಗ ಬರತ್ತೆ, ನಮ್ಮ ಮಾವ ನಮ್ಮೆಲ್ಲರಿಗಿಂತ ಚೆನ್ನಾಗಿ ತಿರುವ್ತಾರೆ.

ಬಸ್ಸಾರು ಕಲಿಯೋರಿಗೆ ಹೇಳಿ ಮಾಡಿಸಿದ ಅಡುಗೆ. ಸೊಪ್ಪು ಕಾಳು ಒಂದೇ ಸಲ ಬೇಯಿಸೋದು, ಬಸಿದ ಕಟ್ಟಲ್ಲಿ ಸಾರು, ಬೆಂದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ರೆ ಪಲ್ಯ, ಒಂದು ಬೇಯಿಸಿದ್ರಲ್ಲಿ ಎರಡಾಯ್ತು, ಒಬ್ರೇ ಇರೋರಿಗೆ ಇನ್ನೇನು ಬೇಕು. ನೀವು ಪುಸ್ತಕ ನೋಡುವಾಗ ಬಸ್ಸಾರು, ಉಪ್ಸಾರು, ಮಸೊಪ್ಪು ಐತಾ ನೋಡಿ. ಇವು ಇಲ್ದೆ ಇದ್ರೆ ನಮ್ಮ ಹಳೇ ಮೈಸೂರು ಕಡೆ ಮನೆ ಊಟ ಗೊತ್ತಿಲ್ದೋರು ಬರೆದದ್ದು ಅಂತ ತಿಳ್ಕೊಳ್ಳಿ. ಬಿಸಿಬೇಳೆಬಾತು ಎಲ್ಲಾ ಪುಸ್ತಕದಲ್ಲೂ ಇರತ್ತೆ, ಅದನ್ನ ನೋಡಿ ಮೋಸ ಹೋಗ್ಬೇಡಿ.

ಪುಸ್ತಕ ಈಗ್ಲೇ ತನ್ನಿ, ಅಮ್ಮ ಹೊರಡೋ ಹಿಂದಿನ ದಿನ ತರಬೇಡಿ. ಅಪ್ಪ ಅದನ್ನ ನೋಡ್ಕೊಂಡು ಅಮ್ಮನ ಎದುರಿಗೇ ಅಡುಗೆ ಮಾಡ್ಲಿ, ಅಮ್ಮ ಬಾಯಿ ಹಾಕ್ದೆ ಕುರ್ಚಿ ಹಾಕ್ಕೊಂಡು ಕೂತಿರಲಿ, ಕಷ್ಟ ಅವರಿಗೆ, ಆದ್ರೂ ಕೂತಿರಲಿ. ಎಲ್ಲಿ ಅಪ್ಪ ನಿಂತ್ಬಿಟ್ಟು ಅಮ್ಮನ ಮುಖ ನೋಡ್ತಾರೋ ಅಲ್ಲಿ ಪುಸ್ತಕ ಏನೋ ಬಿಟ್ಟೈತೆ ಅಂತ. ಅಮ್ಮ ಹೇಳಿದ್ದನ್ನ ಅಲ್ಲೇ ಪಕ್ಕದಲ್ಲಿ ಪೆನ್ಸಿಲಲ್ಲಿ ಬರ್ಕೋಬೇಕು. ಅದಕ್ಕೇ ಪುಟದ ಪಕ್ಕ ಜಾಗ ಬಿಟ್ಟಿರೋ ಪುಸ್ತಕ ತಗೊಳ್ಳಿ.

ಮಲ್ಲೇಶ್ವರಂ ಮಾಮಿ:

ನಮ್ಮ ಮನೇಲಿ ತಮಿಳು, ಹುಟ್ಟಿ ಬೆಳೆದದ್ದೆಲ್ಲ ಬೆಂಗಳೂರು. ನಾನು ಅಡುಗೆ ಕಲಿತದ್ದು ಪುಸ್ತಕದಿಂದ್ಲೇ, ಎಸ್. ಮೀನಾಕ್ಷಿ ಅಮ್ಮಾಳ್ ಬರೆದ "ಸಮೈತ್ತು ಪಾರ್", 1951ರಲ್ಲಿ ಮೊದಲು ಬಂದದ್ದು, ಈಗ್ಲೂ ಮದುವೆಗೆ ಉಡುಗೊರೆ ಕೊಡ್ತಾರೆ. ನಿಮ್ಮ ತಂದೆಗೆ ಅದನ್ನ ಕೊಡಿಸಿ ಅಂತ ಹೇಳ್ತಿಲ್ಲ, ಅವರ ಊಟ ಬೇರೆ. ಆದ್ರೆ ಆ ಪುಸ್ತಕ ಅಷ್ಟು ವರ್ಷ ಯಾಕೆ ಉಳೀತು ಅಂದ್ರೆ ಆಯಮ್ಮ ಓದೋರಿಗೆ ಏನೂ ಗೊತ್ತಿಲ್ಲ ಅಂತ್ಲೇ ಇಟ್ಕೊಂಡು ಬರೆದ್ರು, ಒಂದೊಂದಕ್ಕೂ ಅಳತೆ ಕೊಟ್ರು, ಫೋಟೋ ಗೀಟೋ ಏನೂ ಇಲ್ಲ. ಹಾಗಾಗಿ ಬಣ್ಣದ ಫೋಟೋ ನೋಡಿ ಪುಸ್ತಕ ಆರಿಸಬೇಡಿ. ಕೊನೇಲಿ ತಟ್ಟೆಗೆ ಬಡಿಸಿ ಕೊತ್ತಂಬರಿ ಉದುರಿಸಿದ ಫೋಟೋದಿಂದ ಅಡುಗೆ ಮಾಡೋರಿಗೆ ಏನು ಪ್ರಯೋಜನ ಹೇಳಿ, ಬಾಣಲೇಲಿ ಅರ್ಧ ಆಗಿರುವಾಗಿನ ಫೋಟೋ ಇದ್ರೆ ಅದು ಬೇರೆ ಮಾತು.

ಅಪ್ಪ ಕನ್ನಡ ಮೇಷ್ಟ್ರು ಅಂದ್ರಲ್ಲ, ಮೂರನೇ ಮಂಗರಸನ "ಸೂಪಶಾಸ್ತ್ರ" ಓದಿರಬಹುದು, ಅಡುಗೆ ಮೇಲೆ ಪದ್ಯದಲ್ಲಿ ಬರೆದದ್ದು. ಸಾಯಂಕಾಲ ಓದ್ಕೊಳ್ಳೋಕೆ ಅದು, ಸಾರಿಗೆ ಬೇರೆ ಪುಸ್ತಕ.

ಧಾರವಾಡ ಪೇಡೆ:

ಎಲ್ಲಾರೂ ಹೇಳಿದ್ದು ಬರೋಬ್ಬರಿ ಐತ್ರಿ, ನಾ ಬಿಪಿ ವಿಷಯ ಒಂದ್ ಹೇಳ್ತೇನ್ರಿ ಯಾಕಂದ್ರ ನಮ್ಮ ಮನ್ಯಾಗೂ ಐತಿ. "ರುಚಿಗೆ ತಕ್ಕಷ್ಟು ಉಪ್ಪು" ಅನ್ನೂ ಪುಸ್ತಕ ನಿಮ್ಮ ಅಪ್ಪಾರಿಗೆ ಬ್ಯಾಡೇ ಬ್ಯಾಡ್ರಿ. ವಿಶ್ವ ಆರೋಗ್ಯ ಸಂಸ್ಥೆ ಹೇಳೂದು ದಿನಕ್ಕ ಒಬ್ಬರಿಗೆ 5 ಗ್ರಾಮಿಗಿಂತ ಕಡಿಮಿ, ಅಂದ್ರ ಹೆಚ್ಚುಕಡಿಮಿ ಒಂದು ಟೀ ಸ್ಪೂನು, ಅದರಾಗ ಉಪ್ಪಿನಕಾಯಿ ಹಪ್ಪಳದ ಉಪ್ಪೂ ಬಂತ್ರಿ. ಹೊಸದಾಗಿ ಅಡಿಗಿ ಮಾಡೋರಿಗೆ ಎಷ್ಟು ಹಾಕಿದ್ರ ರುಚಿಗೆ ತಕ್ಕಷ್ಟು ಆಕ್ಕೈತಿ ಅಂತ ಗೊತ್ತಿರಂಗಿಲ್ಲ, ಅಂಜಿ ಕಡಿಮಿ ಹಾಕ್ತಾರ, ಆಮ್ಯಾಲೆ ಸಪ್ಪಗ ಆತಂತ ಮ್ಯಾಲೆ ಮ್ಯಾಲೆ ಹಾಕ್ಕೋತ ಹೋಗ್ತಾರ. ಉಪ್ಪು ಸ್ಪೂನಿನ ಲೆಕ್ಕದಾಗ ಬರದಿದ್ರ ಡಾಕ್ಟರ್ ಹೇಳಿದಂಗ ಅದಕ್ಕಿಂತ ಕಡಿಮಿ ಮಾಡ್ಕೋಬಹುದು. ಪುಡಿ ಉಪ್ಪೋ ಹರಳುಪ್ಪೋ ಅದನ್ನೂ ನೋಡ್ರಿ, ಒಂದು ಸ್ಪೂನ್ ಹರಳುಪ್ಪಿನಾಗ ತೂಕ ಕಡಿಮಿ ಹಿಡಿತೈತಿ.

ಇನ್ನ ಕುಕ್ಕರು. "ಮೂರು ಕೂಗು ಕೂಗಿಸಿ" ಅಂತಷ್ಟ ಬರದಿರ್ತಾರ, ದೊಡ್ಡ ಉರಿಯಾಗ ಮೂರು ಕೂಗು ಲಗೂನ ಆಕ್ಕಾವು, ಸಣ್ಣ ಉರಿಯಾಗ ತಡಾ ಆಕ್ಕಾವು. ಉರಿ ಎಷ್ಟಂತ ಬರದಿರಬೇಕು, ಕುಕ್ಕರಿನಾಗ ಮೂರರಾಗ ಎರಡು ಪಾಲಿಗಿಂತ ಹೆಚ್ಚು ತುಂಬಬಾರದು, ಬ್ಯಾಳಿ ಕಾಳು ಆದ್ರ ಅರ್ಧಕ್ಕಿಂತ ಹೆಚ್ಚು ಬ್ಯಾಡ, ಪ್ರೆಶರ್ ತಾನ ಇಳಿಯೂತನಕ ಮುಚ್ಚಳಾ ತಗೀಬಾರದು ಅಂತ ಮೊದಲನೇ ಪಾಠದಾಗ ಇರಬೇಕ್ರಿ. ಇದಿಲ್ಲದ ಪುಸ್ತಕ ಎಷ್ಟ್ ಚಂದ ಇದ್ರೂ ನಾ ಒಬ್ಬಂಟಿ ಹಿರ್ಯಾರ ಕೈಗೆ ಕೊಡಂಗಿಲ್ಲ.

ಗ್ಯಾಸಿನ ವಿಷಯ ಅಂತೂ ಯಾವ ಪುಸ್ತಕದಾಗೂ ನೋಡಿಲ್ರಿ. ನೀವ ಒಂದು ಹಾಳ್ಯಾಗ ದೊಡ್ಡ ಅಕ್ಷರದಾಗ ಬರದು ಗ್ವಾಡಿಗೆ ಹಚ್ಚರಿ. ವಾಸನಿ ಬಂದ್ರ ಲೈಟ್ ಹಾಕೂದೂ ಬ್ಯಾಡ ಆರಿಸೂದೂ ಬ್ಯಾಡ, ರೆಗ್ಯುಲೇಟರ್ ಬಂದ್ ಮಾಡೂದು, ಬಾಗಲಾ ಕಿಡಕಿ ತಗಿಯೂದು, ಎಲ್‌ಪಿಜಿ ಗಾಳಿಗಿಂತ ಭಾರ ನೆಲದ ಮ್ಯಾಲೇ ನಿಂದರ್ತೈತಿ, ಹೊರಗ ಬಂದು 1906ಕ್ಕ ಫೋನ್ ಮಾಡೂದು.

ಹೇಮಾವತಿ ದಡ:

ಎಲ್ಲರಿಗೂ ತುಂಬಾ ತುಂಬಾ ಥ್ಯಾಂಕ್ಸ್. ಇವತ್ತು ಗಾಂಧಿಬಜಾರಿಗೆ ಹೋಗಿ ಹೇಳಿದ ಹಾಗೇ ಉಪ್ಪಿಟ್ಟಿನ ಪುಟ ನೋಡ್ತಾ ಹೋದೆ, ದಪ್ಪ ಪುಸ್ತಕಗಳೆಲ್ಲ ಅಲ್ಲೇ ಬಿದ್ದುಹೋದ್ವು. ಕೊನೆಗೆ ಒಂದು ತೆಳ್ಳನೇ ಪುಸ್ತಕ ಸಿಕ್ತು, ಫೋಟೋ ಇಲ್ಲ, ಮೀಡಿಯಂ ರವೆ ಅಂತ ಇದೆ, ಉಪ್ಪು ಸ್ಪೂನಲ್ಲಿದೆ, ಬಸ್ಸಾರು ಮಸೊಪ್ಪು ಎರಡೂ ಇದೆ, ಉಪ್ಸಾರು ಮಾತ್ರ ಇಲ್ಲ, ಅದನ್ನ ಅಮ್ಮನ ಹತ್ರ ಕೇಳಿ ಬರೆಸ್ತೀನಿ. ಕಪ್ ಸೆಟ್ಟೂ ತಗೊಂಡೆ. ಒಂದೇ ತೊಂದರೆ, ಅಕ್ಷರ ತುಂಬಾ ಸಣ್ಣದು, ಅಪ್ಪನಿಗೆ ಕನ್ನಡಕ ಹಾಕ್ಕೊಂಡು ಒಲೆ ಮುಂದೆ ನಿಂತ್ರೆ ಹಬೆಗೆ ಮಂಜಾಗತ್ತೆ. ಏನು ಮಾಡ್ಲಿ?

ಗಾಂಧಿಬಜಾರ್ ಗಿರಾಕಿ:

ಭೇಷ್. ಅಪ್ಪನಿಗೆ ಬೇಕಾದ ಹತ್ತು ಹನ್ನೆರಡು ಪುಟ ಮಾತ್ರ ಜೆರಾಕ್ಸ್ ಅಂಗಡೀಲಿ ಎ3ಗೆ ದೊಡ್ಡದು ಮಾಡಿಸು, ಒಂದೊಂದನ್ನೂ ಲ್ಯಾಮಿನೇಟ್ ಮಾಡಿಸಿ ಮೇಲೆ ತೂತು ಹಾಕಿಸು, ಒಲೆಯಿಂದ ದೂರ ಕಣ್ಣಿನ ಎತ್ತರಕ್ಕೆ ಒಂದು ಮೊಳೆ ಹೊಡೆದು ಆ ದಿನದ ಪುಟ ನೇತುಹಾಕಿದ್ರಾಯ್ತು, ಎಣ್ಣೆ ಸಿಡಿದ್ರೂ ಒರೆಸಬಹುದು. ಲ್ಯಾಮಿನೇಟ್ ಮಾಡ್ಸೋದು ಅಮ್ಮ ಹೊರಟ ಮೇಲೆ, ಅಲ್ಲೀತನಕ ಪೆನ್ಸಿಲಲ್ಲಿ ಬರ್ಕೊಳ್ಳೋದು ಇನ್ನೂ ಇರತ್ತೆ.